ಮಾಳವ್ವ ಹುಟ್ಟಿದ ಜಾಗ

ಮೊದಲನೆಯ ದಿನ ನನ್ನ ಮುಂದಿನ ಪರದೆಯಲ್ಲಿ ಹೀಗೆ ಬರೆದಿತ್ತು: "ವರ್ಷ ನಲವತ್ತೊಂದು. ನೆಲೆ ನೂರಾ ಹದಿನೇಳು ಹಾಳಾಯಿತು." ಅದರ ಕೆಳಗೆ, "ನೆಲೆ ನೂರಾ ಹದಿನೆಂಟು ಹಾಳಾಯಿತು." ಅದರ ಕೆಳಗೂ ಅದೇ. ನಾನು ಬೆರಳಿಟ್ಟು, ಅಕ್ಷರ ಕೂಡಿಸಿ ಓದುವವಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ಇನ್ನು ಹೇಗೆ ಓದಿಯಾಳು? ಒಂದು ಪುಟ ಮುಗಿಯುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ಪುಟದ ತುಂಬ ಊರು ಹಾಳಾದದ್ದೇ ಹಾಳಾದದ್ದು.

"ಏನ್ ಪ್ಲೇಗು ಬಂದಿತ್ತೇನವ್ವಾ ಇಲ್ಲಿ?" ಎಂದು ಮೊಮ್ಮಗಳನ್ನು ಕೇಳಿದೆ.

"ಇಲ್ಲ ಆಯಿ. ಇದು ಆಟ."

"ಆಟ ಆಡಾಕ ಇಷ್ಟು ಊರು ಹಾಳ್ ಮಾಡ್ಬೇಕೇನು?"

ಆಕೆ ಹಣೆ ಹಿಡಿದುಕೊಂಡಳು. ಆಮೇಲೆ ಸಾವಧಾನವಾಗಿ ತಿಳಿಸಿ ಹೇಳಿದಳು. ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ. ಈ ಆಟದಲ್ಲಿ ಆಡುವವರು ಬರುವ ಮೊದಲೇ ಯಂತ್ರ ತಾನೇ ಇನ್ನೂರು ವರ್ಷದ ಬಾಳು ನಡೆಸಿಬಿಡುತ್ತದೆ. ಮಂದಿ ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಬಾವಿ ತೋಡುತ್ತಾರೆ, ಕೋಟೆ ಕಟ್ಟುತ್ತಾರೆ, ಜಗಳಾಡುತ್ತಾರೆ, ಸಾಯುತ್ತಾರೆ. ಯಾರೂ ಆಡಿಸುವುದಿಲ್ಲ, ಅದರಷ್ಟಕ್ಕೆ ಅದು ನಡೆಯುತ್ತದೆ. ನಡೆದದ್ದನ್ನೆಲ್ಲ ಯಂತ್ರ ಒಂದೊಂದೇ ಸಾಲಾಗಿ ಬರೆದಿಡುತ್ತದೆ. ಆಮೇಲೆ ಆಡುವವನು ಒಳಗೆ ಇಳಿದಾಗ, ಈ ಕೋಟೆ ಯಾರು ಕಟ್ಟಿಸಿದರು, ಈ ಬಾವಿಯಲ್ಲಿ ಯಾರು ಬಿದ್ದರು ಎಂದು ಹುಡುಕಬೇಕೆನಿಸಿದರೆ ಒಂದು ಸಾಧನ ಬೇಕಲ್ಲ. ಆ ಸಾಧನವೇ ಇದು. ಅವರು ಅದನ್ನು ಕಿಟಕಿ ಎನ್ನುತ್ತಿದ್ದರು. ಕಿಟಕಿ ಮೊದಲೇ ಇತ್ತು, ಆದರೆ ಅದರಲ್ಲಿ ಇಣುಕಿದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅದನ್ನು ಸುಧಾರಿಸುವ ಕೆಲಸ ಮೊಮ್ಮಗಳದು.

ಹೈದರಾಬಾದಿನ ಕಂಪನಿ. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರ ಬೀಜದ ಅಂಗಡಿಯ ಮೇಲೆ ಒಂದು ಖೋಲಿ ಹಿಡಿದು ಇಬ್ಬರನ್ನು ಕೂಡಿಸಿದ್ದರು. ಒಬ್ಬಳು ನನ್ನ ಮೊಮ್ಮಗಳು. ಇನ್ನೊಬ್ಬ ನಕ್ಷೆ ಮಾಡುವವನು, ಕಲ್ಯಾಣದ ಕಿರಾಣಿ ವ್ಯಾಪಾರದ ಮನೆತನದವನು, ಬಾಯಿ ಬಿಟ್ಟರೆ ಚೇಷ್ಟೆ. ಇಬ್ಬರ ಮೇಲಿನವರು ಒಬ್ಬ ಸಾಹೇಬರು, ಹೈದರಾಬಾದಿನಲ್ಲೇ ಕೂತು ಪರದೆಯಲ್ಲಿ ಮುಖ ತೋರಿಸುತ್ತಿದ್ದರು. ಅವರ ತಾಯಿಯ ತವರು ನಮ್ಮ ಬೀದರ ಕಡೆ, ಹಾಗಾಗಿ ಕನ್ನಡ ಬರುತ್ತಿತ್ತು, ಅರ್ಧ ಉರ್ದು ಸೇರಿಸಿ.

ನನಗೇನು ಕೆಲಸ ಅಲ್ಲಿ ಎಂದರೆ, ಕಿಟಕಿ ಕನ್ನಡದಲ್ಲೂ ಬರುವುದಿತ್ತು. ಆಟ ಆಡಿ ಗೊತ್ತಿಲ್ಲದ, ಹೆಚ್ಚು ಓದದ ಒಬ್ಬರು ಅದನ್ನು ಓದಿ, ತಿಳಿಯಿತೋ ಇಲ್ಲವೋ ಎಂದು ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಬೇಕು ಎಂದು ಕಂಪನಿಯ ಕರಾರು. ಮೊಮ್ಮಗಳ ಗೆಳತಿಯರೆಲ್ಲ ಕಂಪ್ಯೂಟರ್ ಕಲಿತವರು. ಉಳಿದವಳು ನಾನು.

"ಆಡುಗಳ ಹಾಲು ಯಾರು ಹಿಂಡ್ತಾರ?" ಎಂದೆ.

"ಮುಂಜಾನಿ ಹಿಂಡಿ ಬಾ ಆಯಿ. ಸಂಜಿಕ್ಕ ವಾಪಸ್ ಹೋಗೂಣು. ನನ್ನ ನೌಕರಿ ಪಕ್ಕಾ ಆಗೂದು ಇದರ ಮ್ಯಾಲ ಅದ."

ಅದು ಖರೆ. ಆಕೆಯನ್ನು ತಾತ್ಪೂರ್ತಿಕ ಇಟ್ಟುಕೊಂಡಿದ್ದರು. ಈ ಕಿಟಕಿ ಪಾಸಾದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಖೋಲಿಯ ಕೀಲಿ ಕೊಟ್ಟು ಮನೆಗೆ. ಇದಕ್ಕೆ ಮೊದಲು ಹುಮನಾಬಾದಿನಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಳು, ಡಿಗ್ರಿ ಮುಗಿಸಿದ ಹುಡುಗಿ, ದಿನವೆಲ್ಲ ಆಧಾರ್ ಕಾರ್ಡು ಎರಡೂ ಬದಿ ತೆಗೆಯುತ್ತ. ಮತ್ತೆ ಆ ಯಂತ್ರದ ಮುಂದೆ ನಿಲ್ಲಲಾರೆ ಎಂದು ನನ್ನೆದುರಿಗೇ ಹೇಳಿದ್ದಳು. ನಾನು ಹೂಂ ಎಂದೆ. ಹೀಗೆ ಹುಮನಾಬಾದ್‌ನಿಂದ ಕಲ್ಯಾಣಕ್ಕೆ ದಿನಾ ಬಸ್ಸು.

ಕೆಲಸ ನಡೆಯುತ್ತಿದ್ದ ರೀತಿ ಇಷ್ಟು. ನಾನು ಜೋರಾಗಿ ಓದುವುದು. ಎಲ್ಲಿ ನಿಂತೆನೋ ಅಲ್ಲಿ ಆಕೆ ಗುರುತು ಹಾಕಿಕೊಳ್ಳುವುದು. ಯಾಕೆ ನಿಂತೆ ಎಂದು ಕೇಳುವುದು. ಸಂಜೆಯೊಳಗೆ ತಿದ್ದಿ ಮರುದಿನ ಮತ್ತೆ ಓದಿಸುವುದು. ಕೇಳಲಿಕ್ಕೆ ಹಗುರ. ಕೂತವರಿಗೆ ಗೊತ್ತು. ಒಂದು ಸಾಲಿನ ಮೇಲೆ ಒತ್ತಿದರೆ ಹತ್ತು ಸಾಲು ಬಿಚ್ಚಿಕೊಳ್ಳುತ್ತಿದ್ದವು. ನನ್ನ ಕೈ ನಡುಗಿದರೆ ಬೇರೆ ಕಡೆ ಒತ್ತಿ, ಯಾವನೋ ದಂಡನಾಯಕನ ಮನೆಯೊಳಗೆ ಹೋಗಿ ಬೀಳುತ್ತಿದ್ದೆ. ಹಿಂದಕ್ಕೆ ಬರುವ ದಾರಿ ಎಲ್ಲಿಯೂ ಇರಲಿಲ್ಲ.

"ಒಳಗ ಹೋಗಾಕ ಬಾಗಲಾ ಇಟ್ಟೀರಿ, ಹೊರಗ ಬರಾಕ ಯಾಕ ಇಟ್ಟಿಲ್ಲ?" ಎಂದು ಬೈದ ಮೇಲೆ ಮೇಲ್ಗಡೆ ಒಂದು ಬಾಣದ ಗುರುತು ಬಂತು.

ಎರಡನೆಯದು ವರ್ಷಗಳ ಗೋಳು. ಒಬ್ಬನು ಐವತ್ತನೆಯ ವರ್ಷ ಸತ್ತ, ಅದರ ಕೆಳಗಿನ ಸಾಲಿನಲ್ಲಿ ನಲವತ್ತೆಂಟರಲ್ಲಿ ಮದುವೆಯಾದ. ಯಂತ್ರ ಯಾವುದನ್ನು ಮೊದಲು ಬರೆದಿತ್ತೋ ಆ ಕ್ರಮದಲ್ಲೇ ಇವರು ತೋರಿಸುತ್ತಿದ್ದರು. ಸತ್ತವನಿಗೆ ಬಾಸಿಂಗ ಕಟ್ಟಿದಿರಲ್ಲ ಎಂದೆ. ನಕ್ಷೆಯವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ಮೊಮ್ಮಗಳು ನಗಲಿಲ್ಲ, ತಿದ್ದಿದಳು. ಮೂರನೆಯದು ಹೆಸರು. ನೆಲೆ ನೂರಾ ಹದಿನೇಳು ಎಂದರೆ ಯಾರಿಗೆ ನೆನಪಿರುತ್ತದೆ? ಹತ್ತಿರದ ಬಾವಿ, ಗುಡ್ಡ, ಹಳ್ಳ ನೋಡಿ ಹೆಸರು ಇಡಿ ಎಂದೆ. ಎರಡು ದಿನ ಕೂತು ಅದನ್ನೂ ಮಾಡಿದರು. ಕೋಟೆಬಾವಿ, ಕರಿಗುಡ್ಡ, ಹುಣಸಿಹಳ್ಳ ಎಂದು ಹೆಸರು ಬಂದವು. ಹೆಸರಿಟ್ಟರೂ ಅವು ಹಾಳಾಗುವುದು ಮಾತ್ರ ನಿಲ್ಲಲಿಲ್ಲ.

ನನಗೆ ರೋಸಿಹೋಯಿತು. ಒಂದು ಮನುಷ್ಯನ ಸುದ್ದಿ ಓದಬೇಕೆಂದರೆ ನಡುವೆ ಇಪ್ಪತ್ತು ಊರು ಹಾಳಾಗಿರುತ್ತಿದ್ದವು. ಕಿಟಕಿ ತೆರೆದುಕೊಳ್ಳಲಿಕ್ಕೂ ಅದೇ ಅಡ್ಡ. ಒತ್ತಿ ಕೆಳಗಿಳಿದು, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

"ಈ ಹಾಳೂರಾಗ ಏನೇನಿತ್ತು, ಒಂದರೆ ತೋರ್ಸು," ಎಂದು ನಕ್ಷೆಯವನಿಗೆ ಹೇಳಿದೆ.

ಅವನು ಒಂದನ್ನು ಬಿಚ್ಚಿದ. ಗುಡಿಸಲು ಮೂರು. ಮಂದಿ ಹನ್ನೊಂದು. ಕುರಿ ನೂರಾ ಎಂಬತ್ತು. ನೆಲೆ ಇದ್ದದ್ದು ಹದಿನೈದು ದಿನ.

ನನಗೆ ನಗೆ ತಡೆಯಲಿಲ್ಲ. "ಲೇ, ಇದು ಊರಲ್ಲೋ! ಕುರಿ ಹಟ್ಟಿ! ಹೊಲದವರು ಗೊಬ್ಬರಕ್ಕಂತ ಕರೀತಾರ, ನಾಕ ದಿನ ಹಗ್ಗದ ಬಲಿ ಸುತ್ತಿ ಕುರಿ ಕೂಡಿಸ್ತಾರ, ಎದ್ದು ಮುಂದಿನ ಹೊಲಕ್ಕ ಹೋಗ್ತಾರ. ಹಾಳಾಗಾಕ ಅದರಾಗ ಏನದ?"

"ಆಯಿ, ಯಂತ್ರದ ಕಾಯ್ದೆ ಅಂದ್ರ, ಮಂದಿ ಇದ್ದ ಜಾಗದಾಗ ಮಂದಿ ಇಲ್ಲದಂಗ ಆದ್ರ ಹಾಳು ಅಂತ," ಎಂದಳು ಮೊಮ್ಮಗಳು. "ಈಗ ಏನ್ ಮಾಡ್ಲಿ ಇವಕ್ಕ?"

ನಾನು ಕುರಿಗಾರರ ಮನೆಯ ಮಗಳು. ಕೊಡಂಬಲದ ಕಡೆ ನಮ್ಮದು. ಮದುವೆಯಾಗಿ ಹುಮನಾಬಾದಿಗೆ ಬರುವ ತನಕ ಹಟ್ಟಿಯಲ್ಲೇ ಬೆಳೆದವಳು. ನನ್ನಪ್ಪ ಎಲ್ಲೆಲ್ಲಿ ಹಟ್ಟಿ ಹಾಕಿದ್ದ ಎಂದು ನಮ್ಮಲ್ಲಿ ಯಾರೂ ನೆನಪಿಟ್ಟಿಲ್ಲ. ಎದ್ದ ಮೇಲೆ ಅಲ್ಲಿ ಉಳಿಯುವುದು ಹಿಕ್ಕೆ, ಅದೂ ಹೊಲದವನದು. ಇಟ್ಟುಕೊಂಡು ಮಾಡುವುದೇನು? ಹಾಗೆ ಅನಿಸಿದ್ದನ್ನೇ ಹೇಳಿದೆ.

"ಕಸ ಅದು. ಬಳದು ಒಗೀರಿ. ಒಂದ್ ವರ್ಷಕ್ಕಿಂತ ಕಡಿಮಿ ಇದ್ದ ಜಾಗಾನs ಬ್ಯಾಡ."

ಬಳಿದು ಒಗೆದರು. ಯಂತ್ರ ಬರೆದದ್ದು ಅಳಿಯಲಿಲ್ಲ, ಕಿಟಕಿ ಮಾತ್ರ ಅಂಥ ಜಾಗಗಳನ್ನು ಓದದೆ ದಾಟಿಹೋಗುವಂತೆ ಮಾಡಿದರು. ಅಬ್ಬಾ, ಎಷ್ಟು ಸಾಫಾಯಿತೆಂದರೆ, ಒತ್ತಿದ ಕೂಡಲೇ ತೆರೆಯಿತು. ಪುಟದಲ್ಲಿ ಊರು, ಕೋಟೆ, ರಾಜ, ಬಾವಿ. ಹಾಳೂರು ಎರಡೋ ಮೂರೋ. ಸಾಹೇಬರು ಪರದೆಯಲ್ಲಿ ನೋಡಿ "ಶಾಬಾಶ್!" ಎಂದರು. "ಈಗ ನೋಡ್ರಿ ಕಿಟಕಿ ಅಂದ್ರ ಕಿಟಕಿ. ಈ ವಾರದಾಗ ಆಯಿದು ಮಾತು ಕೇಳಿ ಮುಗಿಸಿಬಿಡೂಣು." ಮೊಮ್ಮಗಳ ಮುಖ ಅರಳಿತು. ನನಗೂ ಸಮಾಧಾನ, ಇನ್ನು ಬಸ್ಸಿನ ಕಾಟ ಮುಗಿಯಿತು ಎಂದು.

ಸಾಹೇಬರ ಮುಂದೆ ನಾನು ಮಾಡಬೇಕಾದದ್ದು ಒಂದೇ. ಆ ಲೋಕದ ಯಾರಾದರೊಬ್ಬರನ್ನು ಆರಿಸಿ, ಕಿಟಕಿಯಲ್ಲಿ ನೋಡಿ, ಹುಟ್ಟಿದಂದಿನಿಂದ ಸಾಯುವ ತನಕ ಆ ಮನುಷ್ಯನ ಸುದ್ದಿ ನನ್ನ ಮಾತಿನಲ್ಲಿ ಹೇಳಬೇಕು. ಹಿಂದಿನ ದಿನ ತಾಲೀಮು ಮಾಡಿದೆವು. ಮೊಮ್ಮಗಳು ಒಬ್ಬ ರಾಜನನ್ನು ಆರಿಸಿ ಕೊಟ್ಟಳು. ಹುಟ್ಟಿದ, ಪಟ್ಟಕ್ಕೆ ಬಂದ, ಆ ಕೋಟೆ ಗೆದ್ದ, ಈ ಕೋಟೆ ಸೋತ, ಹೊಟ್ಟೆನೋವಿನಿಂದ ಸತ್ತ. ಹೇಳಿ ಮುಗಿಸಿದೆ. ಸರಾಗ.

"ಬರೋಬ್ಬರಿ. ನಾಳಿ ಹಿಂಗs ಹೇಳು ಆಯಿ."

ಆಕೆ ಚಹಾಕ್ಕೆ ಹೋದಳು. ನಾನು ಸುಮ್ಮನೆ ಕೂತಿರಲಾರದೆ ಹೆಸರುಗಳ ಪುಟ ತೆಗೆದೆ. ಆ ರಾಜನಷ್ಟು ಬೇಸರದ ಮನುಷ್ಯನನ್ನು ನಾನು ಕಂಡಿಲ್ಲ, ಬೇರೆ ಯಾರಾದರೂ ಇದ್ದಾರೋ ನೋಡೋಣ ಎಂದು. ಯಂತ್ರ ನಮ್ಮ ಕಡೆಯ ಹೆಸರುಗಳನ್ನೇ ಇಟ್ಟಿತ್ತು. ಮಾಳವ್ವ ಎಂದು ಒಬ್ಬಳು ಕಂಡಳು. ಒತ್ತಿದೆ.

ಹುಟ್ಟಿದ್ದು ವರ್ಷ ಎಪ್ಪತ್ತು, ಜಾಗ ಇಲ್ಲ. ಮದುವೆ ವರ್ಷ ಎಂಬತ್ತೆಂಟು, ಜಾಗ ಇಲ್ಲ. ಗಂಡನ ಊರು ಇಲ್ಲ. ಮಕ್ಕಳು ನಾಲ್ವರು, ನಾಲ್ವರೂ ಹುಟ್ಟಿದ ಜಾಗ ಇಲ್ಲ. ಒಂದು ಮಗು ಸತ್ತದ್ದು, ಜಾಗ ಇಲ್ಲ. ಸಾವು ವರ್ಷ ನೂರಾ ಮೂವತ್ತೊಂದು, ಜಾಗ ಕೋಟೆಬಾವಿ.

ಮತ್ತೆ ಓದಿದೆ. ಈ ಹೆಂಗಸು ಇಡೀ ಲೋಕದಲ್ಲಿ ಸಾಯಲಿಕ್ಕಷ್ಟೇ ಒಂದು ಕಡೆ ಬಂದಿದ್ದಾಳೆ. ಅರವತ್ತೊಂದು ವರ್ಷ ಎಲ್ಲಿದ್ದಳು? ಗಾಳಿಯಲ್ಲೇ? ಇನ್ನೊಂದು ಹೆಸರು ಒತ್ತಿದೆ, ಅದೂ ಹಾಗೇ. ನಾಲ್ಕಾರು ನೋಡಿದೆ. ಊರಿನವರೆಲ್ಲ ಸರಿಯಿದ್ದರು. ಕುರಿಗಾರರೆಲ್ಲ ಗಾಳಿಯಲ್ಲಿದ್ದರು. ಹಟ್ಟಿ ಬಳಿದು ಒಗೆದಾಗ ಹಟ್ಟಿಯಲ್ಲಿ ಹುಟ್ಟಿದವರ ಹುಟ್ಟೂ ಜೊತೆಗೇ ಹೋಗಿತ್ತು.

ಮೊಮ್ಮಗಳು ಬಂದಾಗ ತೋರಿಸಿದೆ. ಆಕೆ ಒಂದೊಂದೇ ಹೆಸರು ಒತ್ತಿ ನೋಡಿದಳು.

"ನಾಳಿ ರಾಜಂದು ಹೇಳು ಆಯಿ. ಇದು ಆಮ್ಯಾಲ ಸರಿ ಮಾಡೂಣು."

"ಹಂಗs ಮಾಡೂಣು," ಎಂದೆ. ನಾನೇನು ಹರಿಶ್ಚಂದ್ರನ ವಂಶದವಳಲ್ಲ. ನೌಕರಿ ಮೊದಲು. ಪಾಸಾಗಲಿ, ಆಮೇಲೆ ನೋಡಿಕೊಳ್ಳಲಿ. ಮನೆಗೆ ಹೋಗಿ ಉಂಡು ಮಲಗಿದೆ, ನಿದ್ದೆಯೂ ಬಂತು.

ಮರುದಿನ ಸಾಹೇಬರು ಪರದೆಗೆ ಬಂದರು. ರಾಜನ ಸುದ್ದಿ ಹೇಳಿದೆ. ಅವರು ನಡುನಡುವೆ ಗೋಣು ಹಾಕಿದರು, ಇನ್ನೊಂದು ಕಡೆ ಏನೋ ಬರೆದುಕೊಳ್ಳುತ್ತಿದ್ದರು. ಮುಗಿಯಿತು.

"ಸಬ್ ಠೀಕ್. ಆಯಿ, ಈ ಕಿಟಕ್ಯಾಗ ಯಾರ ಸುದ್ದಿ ಬೇಕಾದ್ರೂ ನಿಮಗ ತಿಳೀತದ, ಹೌದಲ್ರಿ?"

ಯಾರ ಸುದ್ದಿ ಬೇಕಾದರೂ ಎಂದು ಕೇಳದೆ ರಾಜನ ಸುದ್ದಿ ತಿಳಿಯಿತೇ ಎಂದಷ್ಟೇ ಕೇಳಿದ್ದರೆ ಹೌದ್ರಿ ಎಂದು ಎದ್ದುಬಿಡುತ್ತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು ಹೌದ್ರಿ. ಹೊರಗೆ ಬಂದದ್ದು ಬೇರೆ.

"ರಾಜಂದು ತಿಳೀತದ್ರಿ. ಮಾಳವ್ವಂದು ತಿಳಿಯಂಗಿಲ್ಲ."

"ಯಾವ ಮಾಳವ್ವ?"

ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕಾಲು ಹಿಂದಕ್ಕೆ ತೆಗೆದುಕೊಂಡು ಹೇಳಿದೆ. ಕುರಿ ಹಟ್ಟಿಯವರ ಯಾರ ಸುದ್ದಿಯೂ ಇದರಲ್ಲಿ ತಿಳಿಯುವುದಿಲ್ಲ, ಹುಟ್ಟಿಲ್ಲ, ಮದುವೆಯಿಲ್ಲ, ಬರೇ ಸಾವು. "ಹುಡುಗೀದು ಏನೂ ತಪ್ಪಿಲ್ರಿ ಸಾಹೇಬ್ರ. ಕಸ ಅಂತ ಹೇಳಿ ತೆಗಿಸಿದಾಕಿ ನಾನು."

"ಇದನ್ನ ಹೇಳೂದು ಆಕಿ ಕೆಲಸ, ನೀವ್ ಯಾಕ ಹೇಳ್ತೀರಿ?" ಎಂದರು ಸಾಹೇಬರು. ಮುಖದ ಮೇಲಿನ ನಗೆ ಹೋಗಿತ್ತು. ನಕ್ಷೆಯವನಿಗೆ ಕೇಳಿದರು, "ಇಂಥವರು ಎಷ್ಟು ಮಂದಿ?"

ನಕ್ಷೆಯವನು ಎಣಿಸಲಿಕ್ಕೆ ಹಚ್ಚಿದ. ಅವನು ಚೇಷ್ಟೆ ಮಾಡದೆ ಮಾತಾಡಿದ್ದನ್ನು ಅಂದೇ ಮೊದಲು ಕೇಳಿದ್ದು. "ಮೂರರಾಗ ಒಂದ್ ಪಾಲು ಸರ್."

"ಮೂರರಾಗ ಒಂದು! ನಾ ಮೊನ್ನೆ ಮ್ಯಾಲಿನವರಿಗೆ ತಯಾರದ ಅಂತ ಹೇಳೀನಿ." ಆಮೇಲೆ ಮೊಮ್ಮಗಳ ಕಡೆ ನೋಡಿ, "ಸೋಮವಾರ ತನಕ. ಸೋಮವಾರ ಸರಿಯಾಗಿ ಬರಲಿಲ್ಲ ಅಂದ್ರ ಹಳೇದನ್ನs ತಗೊಂಡು ಬ್ಯಾರೆಯವರಿಗೆ ಕೊಡ್ತೀನಿ. ಸಮಝಾ?"

ಪರದೆ ಕಪ್ಪಾಯಿತು. ವಾಪಸು ಬರುವ ಬಸ್ಸಿನಲ್ಲಿ ಮೊಮ್ಮಗಳು ನನ್ನ ಪಕ್ಕದಲ್ಲಿ ಕೂಡಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತೇ ಬಂದಳು. ಹುಮನಾಬಾದಿನಲ್ಲಿ ಇಳಿದ ಮೇಲೆ ಒಂದೇ ಮಾತು ಆಡಿದಳು.

"ನೀ ನಿನ್ನೆ ಹಂಗs ಮಾಡೂಣು ಅಂದಿದ್ದಿ."

"ಅಂದಿದ್ದೆ."

"ಮತ್ತ?"

"ಬರಲಿಲ್ಲ ಬಾಯಾಗ. ಏನ್ ಮಾಡ್ಲಿ?"

ಆಕೆ ಮುಂದೆ ಮುಂದೆ ನಡೆದುಬಿಟ್ಟಳು. ನನಗೆ ಸಿಟ್ಟು ಬಂತು, ಆಕೆಯ ಮೇಲೂ, ನನ್ನ ಮೇಲೂ, ಎಲ್ಲಕ್ಕಿಂತ ಹೆಚ್ಚು ಆ ಮಾಳವ್ವನ ಮೇಲೆ. ಇಲ್ಲದ ಹೆಂಗಸಿನ ಸಲುವಾಗಿ ಇದ್ದ ಹುಡುಗಿಯ ನೌಕರಿ ಕಳೆಯಲಿಕ್ಕೆ ಹೊರಟಿದ್ದೆನಲ್ಲ.

ಶನಿವಾರ ಇಬ್ಬರೂ ಕೂತು ಹಟ್ಟಿಗಳನ್ನೆಲ್ಲ ವಾಪಸು ತಂದರು. ಮಾಳವ್ವ ಹುಟ್ಟಿದ ಜಾಗ ಬಂತು, ಸರಿ. ಅದರ ಜೊತೆಗೆ ಊರು ಹಾಳಾಗುವುದೂ ಬಂತು, ಚಕ್ರ ತಿರುಗುವುದೂ ಬಂತು. ಹಟ್ಟಿ ಇಟ್ಟುಕೊಂಡು, ಹಾಳಾಯಿತು ಎಂಬ ಸಾಲು ಮಾತ್ರ ಮುಚ್ಚಿ ನೋಡಿದರು. ಆಗ ಖರೆಖರೆ ಸುಟ್ಟು ಹಾಳಾದ ಊರೂ ಮುಚ್ಚಿಹೋಯಿತು, ಮಂದಿ ಸತ್ತು ಬಿದ್ದ ಊರಿನಲ್ಲಿ ಏನೂ ಆಗಿಲ್ಲ ಎಂದು ತೋರಿಸತೊಡಗಿತು. ಅದನ್ನು ತಿದ್ದುವುದರೊಳಗೆ ನಕ್ಷೆ ಕೆಟ್ಟಿತು. ನಕ್ಷೆಯ ಮೇಲೆ ಹಟ್ಟಿಗಳೆಲ್ಲ ಚುಕ್ಕೆ ಚುಕ್ಕೆ, ಗೋವರದ ಗುಳ್ಳೆ ಎದ್ದ ಕೂಸಿನ ಮೈಯಂತೆ. ಯಾವ ಚುಕ್ಕೆ ಯಾರದು ಎಂದು ನಕ್ಷೆಯವನಿಗೇ ತಿಳಿಯುತ್ತಿರಲಿಲ್ಲ.

"ಇಟ್ಟರ ಗದ್ಲಾ, ತೆಗದರ ಖಾಲಿ," ಎಂದು ಅವನು ಕೈ ಚೆಲ್ಲಿದ.

ಭಾನುವಾರ ಮನೆಯಲ್ಲೇ ಕೆಲಸ. ಮೊಮ್ಮಗಳು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನ ಜೊತೆ ಮಾತಿಲ್ಲ. ನಾನು ಇನ್ನೊಂದು ಮೂಲೆಯಲ್ಲಿ ಕೂತು ನನ್ನ ತಮ್ಮನಿಗೆ ಫೋನು ಹಚ್ಚಿದೆ. ಅವನು ಇಂದಿಗೂ ಕುರಿ ಕಾಯುತ್ತಾನೆ. ಹೋದ ವಾರ ತಂಗಿಯ ಮಗಳ ನಿಶ್ಚಯಕ್ಕೆ ಬರದೆ ತಪ್ಪಿಸಿಕೊಂಡಿದ್ದ, ಬೈಯುವುದು ಬಾಕಿಯಿತ್ತು. ನನಗೆ ಕಿವಿ ಮಂದ, ಹಾಗಾಗಿ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಎಲ್ಲಿ ಸತ್ತಿದ್ಯೋ?"

"ಕುರ್ಯಾಗ ಅದೀನಿ ಅಕ್ಕಾ."

"ಕುರ್ಯಾಗ ಅಂದ್ರ ಯಾವ ಊರಾಗ?"

"ಮನ್ನಾಏಖೇಳ್ಳಿ ಆಚಿಗೆ ಇದ್ವಿ, ಈಗ ಎದ್ವಿ. ನಾಳಿ ಎಲ್ಲೋ. ಊರ ಹೆಸರು ತಗೊಂಡು ಏನ್ ಮಾಡ್ತಿ ನೀ? ಬರೂದಿದ್ರ ಕುರಿ ಇದ್ದಲ್ಲಿ ಬಾ. ಯಾರನ್ನ ಕೇಳಿದ್ರೂ ಮೂರ್ ಕರೀ ಟಗರಿನ ಹಿಂಡು ಎತ್ಲಾಗ ಹೋತು ಅಂತ ಹೇಳ್ತಾರ."

"ನಿಶ್ಚಯಕ್ಕ ಯಾಕ ಬರಲಿಲ್ಲ, ಅದನ್ ಹೇಳು ಮೊದಲ."

"ಕುರಿ ಈಯಾಕತ್ತಿದ್ವು ಅಕ್ಕಾ, ನಿಶ್ಚಯಕ್ಕ ಕರಕೊಂಡ್ ಬರ್ಲೇನು ಅವನ್ನ?"

ನಾನು ಬೈಗುಳ ಇನ್ನೂ ಶುರುಮಾಡಿರಲಿಲ್ಲ, ಮೊಮ್ಮಗಳು ಎದ್ದು ಬಂದು ಫೋನು ಕಸಿದುಕೊಂಡಳು.

"ಮುತ್ಯಾ, ಹಿಂಡು ಒಡದು ಅಣ್ಣತಮ್ಮಂದ್ರು ಪಾಲಾದ್ರ, ಹಳೇ ಹಿಂಡು ಅಂತ ಯಾವುದಕ್ಕ ಅಂತಾರ?"

"ಎರಡಕ್ಕೂ ಅಂತಾರವ್ವಾ. ಕುರಿ ಅವs ಅಲ್ಲೇನು? ಯಾಕ, ನೀ ಪಾಲ ಕೇಳಾಕತ್ತಿಯೇನು?"

ಆಕೆ ಫೋನು ನನ್ನ ಕೈಗೆ ತುರುಕಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಎರಡು ದಿನದ ಮೇಲೆ ನನ್ನ ಜೊತೆ ಮಾತಾಡಿದಳು, ಅದೂ ಪರದೆಯ ಕಡೆ ಮುಖ ಮಾಡಿ.

"ಆಯಿ, ಹಟ್ಟಿಗೆ ಒಂದು ನಂಬರ ಅದ, ಅದು ನಿನಗ ಗೊತ್ತು. ಅದನ್ನ ಹಾಕಿದ ಹಿಂಡಿಗೂ ಒಂದು ನಂಬರ ಅದ. ಯಂತ್ರ ಮೊದಲಿಂದ ಬರದs ಇಟ್ಟದ. ನಾವು ಎಲ್ಲಾನೂ ಊರಿಗೆ ಕಟ್ಟಾಕತ್ತಿದ್ವಿ, ಹಿಂಡಿನ ನಂಬರ ಯಾರೂ ನೋಡಿಲ್ಲ. ಈ ಮಂದೀನ್ನ ಊರಿಗೆ ಕಟ್ಟೂದs ಬ್ಯಾಡ. ಹಿಂಡಿಗೆ ಕಟ್ಟತೀನಿ."

ನನಗೆ ಪೂರ್ತಿ ತಿಳಿಯಲಿಲ್ಲ. ಆಕೆ ಅದನ್ನು ಮಾಡಿ ತೋರಿಸಿದ ಮೇಲೆ ತಿಳಿಯಿತು. ಒಂದು ಹಿಂಡು ಹಾಕಿದ ಹಟ್ಟಿಗಳನ್ನೆಲ್ಲ ದಿನದ ಕ್ರಮದಲ್ಲಿ ಒಂದೇ ದಾರಕ್ಕೆ ಪೋಣಿಸಿದಳು. ಹಟ್ಟಿಯಲ್ಲಿ ಏನೇ ನಡೆದರೂ, ಹುಟ್ಟು, ಮದುವೆ, ಸಾವು, ಅದು ಮೊದಲು ಹಿಂಡಿನ ಲೆಕ್ಕಕ್ಕೆ. ಎಲ್ಲಿ ನಡೆಯಿತು ಎಂಬುದು ಅದರ ಪಕ್ಕಕ್ಕೆ, ಸಣ್ಣ ಅಕ್ಷರದಲ್ಲಿ. ಒಂದು ಹಟ್ಟಿ ಖಾಲಿಯಾದ ಮೇಲೆ ಅದೇ ಹಿಂಡಿನ ಇನ್ನೊಂದು ಹಟ್ಟಿ ಮುಂದೆ ಇದ್ದರೆ, ಹಾಳಾಯಿತು ಎನ್ನುವ ಬದಲು "ಎದ್ದು ಮುಂದೆ ಹೋಯಿತು" ಎಂದು ಬರೆಯುವಂತೆ ಮಾಡಿದಳು. ಮುಂದೆ ಹಟ್ಟಿಯೇ ಇಲ್ಲದಿದ್ದರೆ ಮಾತ್ರ ಹಾಳು.

ಅಷ್ಟರಲ್ಲೂ ಎಡವಟ್ಟು ಆಯಿತು. ಹಿಂಡು ಒಡೆದಾಗ ಯಂತ್ರ ಕಿರಿಯವನ ಪಾಲಿಗೆ ಹೊಸ ನಂಬರು ಕೊಡುತ್ತಿತ್ತು. ಹೊಸ ನಂಬರಿನವರಿಗೆ ಹಿಂದಿನದು ಏನೂ ಇರುತ್ತಿರಲಿಲ್ಲ, ನಿನ್ನೆ ಮಣ್ಣಿನಿಂದ ಎದ್ದವರ ಹಾಗೆ. ಅದಕ್ಕೇ ಆಕೆ ತಮ್ಮನನ್ನು ಕೇಳಿದ್ದು. ಎರಡೂ ಪಾಲು ಹಳೆಯ ದಾರದಿಂದಲೇ ಕವಲೊಡೆಯುವಂತೆ ಮಾಡಿದಳು. ಆಮೇಲೆ ದಾರ ಪೋಣಿಸುವ ಕೆಲಸಕ್ಕೆ ಹೊತ್ತು ಹಿಡಿಯಿತು, ಪ್ರತಿ ಸಲ ಒತ್ತಿದಾಗಲೂ ಮೊದಲಿನಿಂದ ಪೋಣಿಸುತ್ತಿತ್ತು. ಇದಕ್ಕೆ ಫೋನಿನಲ್ಲಿ ದಾರಿ ಹೇಳಿದವನು ನಕ್ಷೆಯವನು. ಲೋಕ ತೆರೆಯುವಾಗ ಒಂದೇ ಸಲ ಪೋಣಿಸಿ ಇಟ್ಟುಕೊಂಡುಬಿಡು, ಆಮೇಲೆ ತೆಗೆದು ತೋರಿಸುವುದಷ್ಟೇ ಎಂದ. ತೆರೆಯುವಾಗ ತಡ, ಒಳಗೆ ಹೋದ ಮೇಲೆ ಸರಸರ. ಚುಕ್ಕೆಗಳ ಬದಲು ಅವನು ಗೆರೆ ಎಳೆದ. ಮಳೆಗಾಲದ ದಾರಿ ಒಂದು ಬಣ್ಣ, ಬೇಸಿಗೆಯದು ಒಂದು ಬಣ್ಣ.

ನಾನು ಓದಿದ್ದಷ್ಟೇ. ಮತ್ತೆ ಮತ್ತೆ ಓದಿದೆ. ತಪ್ಪು ಕಂಡಲ್ಲಿ ಬೈದೆ.

ಸೋಮವಾರ ಸಾಹೇಬರು ಗಂಟು ಮುಖ ಹಾಕಿಕೊಂಡೇ ಬಂದರು. ಲೋಕ ತೆರೆಯಲಿಕ್ಕೆ ಹೊತ್ತಾಯಿತು, ಅದಕ್ಕೂ ಗೊಣಗಿದರು.

"ಹೇಳ್ರಿ ಆಯಿ. ನಿಮ್ಮ ಮಾಳವ್ವಂದು."

ಹೇಳಿದೆ. ಆಕೆ ಹುಟ್ಟಿದ್ದು ಹುಣಸಿಹಳ್ಳದ ದಂಡೆಯ ಜೋಳದ ಹೊಲದಲ್ಲಿ, ಮಳೆ ನಿಂತ ಮೇಲೆ ಹಾಕಿದ ಹಟ್ಟಿಯಲ್ಲಿ. ಹದಿನೆಂಟಕ್ಕೆ ಇನ್ನೊಂದು ಹಿಂಡಿಗೆ ಕೊಟ್ಟರು. ಎರಡು ಹಿಂಡೂ ಮಳೆಗಾಲದಲ್ಲಿ ಕರಿಗುಡ್ಡದ ಹತ್ತಿರ ಕೂಡುತ್ತಿದ್ದವು, ಬೇಸಿಗೆಯಲ್ಲಿ ಬೇರೆ ಬೇರೆ ದಾರಿ. ಹಾಗಾಗಿ ವರ್ಷಕ್ಕೊಮ್ಮೆ ತವರು ಕಂಡಿರಬೇಕು. ಮೊದಲನೆಯ ಕೂಸು ದಾರಿಯಲ್ಲಿ ಹೋಯಿತು, ಮರುದಿನವೇ ಹಿಂಡು ಎದ್ದಿದೆ. ಗಂಡ ತೀರಿದ ಮೇಲೆ ಮಕ್ಕಳು ಪಾಲಾದರು, ಹಿಂಡು ಒಡೆಯಿತು. ಈಕೆ ಎರಡನೆಯ ಮಗನ ಜೊತೆ ನಡೆದಳು. ನಡೆಯಲಿಕ್ಕೆ ಆಗದಾದಾಗ ಅವಳನ್ನು ಕೋಟೆಬಾವಿಯಲ್ಲಿ ಬಿಟ್ಟು ಹಿಂಡು ಮುಂದೆ ಹೋಯಿತು. ಅಲ್ಲಿಯೇ ಸತ್ತಳು. ಮುಂದಿನ ಮಳೆಗಾಲದಲ್ಲಿ ಮಗನ ಹಿಂಡು ಅದೇ ದಾರಿಯಲ್ಲಿ ಬಂದು ಬಾವಿಯ ಆಚೆ ಹಟ್ಟಿ ಹಾಕಿದೆ.

ಸಾಹೇಬರು ಬರೆದುಕೊಳ್ಳುವುದನ್ನು ಬಿಟ್ಟಿದ್ದರು.

"ಭೇಟಿ ಆಗಿತ್ತೇನ್ರಿ? ತಾಯಿ ಮಗಂದು?"

"ಹ್ಯಾಂಗ ಆಗ್ತದ್ರಿ? ಆಕಿ ಬ್ಯಾಸಿಗ್ಯಾಗ ಸತ್ತಾಳ."

ಅವರು ಪರದೆಯಲ್ಲಿ ಆ ಎರಡು ಗೆರೆಗಳನ್ನು ಹಿಗ್ಗಿಸಿ ನೋಡಿದರು. ತಾವೇ ಒತ್ತಿ ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಇನ್ನೊಬ್ಬ ಕುರಿಗಾರನನ್ನು ತೆಗೆದರು, ಅವನ ಮಗನನ್ನು ತೆಗೆದರು. ಕೊನೆಗೆ ಹಾಳೂರುಗಳ ಪುಟ ತೆಗೆದು ಹುಬ್ಬು ಏರಿಸಿದರು.

"ಇದೇನು, ಇಡೀ ಲೋಕದಾಗ ಒಂಬತ್ತs? ಮೊದಲ ಸಾವಿರಗಟ್ಟಲೆ ಇದ್ವಲ್ಲ! ಆಡೋ ಹುಡುಗರಿಗೆ ಹಾಳೂರು ಅಂದ್ರ ಜೀವ."

"ಖರೆ ಹಾಳಾದದ್ದು ಅಷ್ಟs ಸರ್," ಎಂದಳು ಮೊಮ್ಮಗಳು. ದನಿ ಸಣ್ಣದಿತ್ತು, ಆದರೆ ಕಣ್ಣು ಕೆಳಗೆ ಹಾಕಲಿಲ್ಲ. "ಹೆಚ್ಚು ಬೇಕಂದ್ರ ಆಟದಾಗ ಹೆಚ್ಚು ಯುದ್ಧ ಇಡಬೇಕು. ಕಿಟಕ್ಯಾಗ ಸುಳ್ಳು ತೋರಿಸಾಕ ಬರೂದಿಲ್ಲ."

ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ ನಾನು. ಸಾಹೇಬರು ಆ ಒಂಬತ್ತನ್ನೂ ಮತ್ತೊಮ್ಮೆ ಎಣಿಸಿದರು.

"ಒಂದನೇ ತಾರೀಖಿನಿಂದ ನೀ ಪಕ್ಕಾ," ಎಂದರು. "ಕಾಗದ ನಾಳಿ ಬರ್ತದ. ಆ ತೆರೆಯೂದು ಮಾತ್ರ ಇನ್ನs ಜಲ್ದಿ ಮಾಡು."

ಅಂದು ಬಸ್ಸು ಗಿಚ್ಚಿ ತುಂಬಿತ್ತು. ಹೇಗೋ ಒಂದು ಸೀಟು ಸಿಕ್ಕಿತು, ಅದರಲ್ಲೇ ಇಬ್ಬರೂ ಒತ್ತಿಕೊಂಡು ಕೂತೆವು. ಊರು ದಾಟುವ ತನಕ ಆಕೆ ಫೋನಿನಲ್ಲಿ ಯಾರು ಯಾರಿಗೋ ಸುದ್ದಿ ಹೇಳಿದಳು, ನಕ್ಕಳು. ಆಮೇಲೆ ಫೋನು ಚೀಲಕ್ಕೆ ಹಾಕಿ ಹೊರಗೆ ನೋಡಿದಳು.

"ಆಯಿ, ಬ್ಯಾಸಿಗ್ಯಾಗs ಒಮ್ಮಿ ಬಂದು ನೋಡಿ ಹೋಗಬೇಕಿತ್ತಲ್ಲ ಮಾಳವ್ವನ ಮಗ. ಕೋಟೆಬಾವಿ ಏನ್ ಭಾಳ ದೂರ ಇರಲಿಲ್ಲ."

"ಆ ದಾರ್ಯಾಗ ಬ್ಯಾಸಿಗ್ಯಾಗ ನೀರಿಲ್ಲ. ನೀನs ಎಳಿಸಿದ ನಕ್ಷಿ, ನೋಡಿಲ್ಲೇನು?"

"ಆದ್ರೂ ತಾಯಿ ಅಲ್ಲೇನು?"

"ತಾಯಿ ಒಬ್ಬಾಕಿ," ಎಂದೆ. "ಕುರಿ ಇನ್ನೂರಿದ್ವು."